ಸಾಕ್ಷಿ ಬರುವ ಮೊದಲೇ ಶಿಕ್ಷೆ



ಕಳೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನನಗೆ ಕೊಟ್ಟಿದ್ದ ವಿಷಯ ‘ಭಯೋತ್ಪಾದನೆ ತಡೆ ಕಾಯ್ದೆಗಳು ಮತ್ತು ಮಾನವ ಹಕ್ಕು’. ನಲವತ್ತು ವರ್ಷ ವಕೀಲಿ ಮಾಡಿದವನೆಂದು ಪೂಜ್ಯರು ಅದನ್ನು ನನಗೆ ಒಪ್ಪಿಸಿದ್ದರು. ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಯುವಕನೊಬ್ಬ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವನು, ನನ್ನನ್ನು ಕೇಳಿದ: “ಕಾಕಾರ, ಬಾಂಬ್ ಇಡೋರಿಗೆ ಎಲ್ಲಿ ಮಾನವ ಹಕ್ಕುರಿ? ಸತ್ತೋರಿಗೆ ಹಕ್ಕು ಇರಲಿಲ್ಲೇನು?” ಸಾಲಿನಲ್ಲಿ ಕುಳಿತವರು ತಲೆಯಾಡಿಸಿದರು. ಬಡಿಸುತ್ತಿದ್ದ ತಾಯಿಯೊಬ್ಬರು “ಖರೇ ಐತಿ” ಎಂದರು. ಕೈಯಲ್ಲಿ ತುತ್ತು ಹಿಡಿದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರ ಜೊತೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಲಿಕ್ಕಿದೆ. ಅಂದು ಅದನ್ನು ಎಲ್ಲರೆದುರು ಹೇಳುವ ಧೈರ್ಯ ಬರಲಿಲ್ಲ.

ಆ ಯುವಕನ ಸಿಟ್ಟು ನ್ಯಾಯವಾದದ್ದು. ಭಯೋತ್ಪಾದನೆ ಎಂದರೆ ಎಲ್ಲೋ ದೂರದ ಸುದ್ದಿ ಎಂದು ಯಾರಾದರೂ ಹೇಳಬಹುದು, ನಾವು ಹೇಳುವ ಹಾಗಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ವಚನಗಳನ್ನು ತಾಳೆಗರಿಯಿಂದ ಬಿಡಿಸಿ, ಶುದ್ಧ ಪಾಠ ಮಾಡಿ ನಮ್ಮ ಕೈಗಿಟ್ಟವರು ಅವರು. ಬರೆದದ್ದಕ್ಕೆ, ಮಾತಾಡಿದ್ದಕ್ಕೆ ಒಬ್ಬ ಹಿರಿಯರನ್ನು ಕೊಂದು ಉಳಿದವರ ಬಾಯಿ ಮುಚ್ಚಿಸುವುದು ಭಯೋತ್ಪಾದನೆಯಲ್ಲದೆ ಮತ್ತೇನು? ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನೂ ಹಾಗೆಯೇ ಕೊಂದರು. ಕೊಂದವರಿಗೆ ಶಿಕ್ಷೆಯಾಗಲಿ ಎಂದು ನಾನೂ ಹಂಬಲಿಸುತ್ತೇನೆ. ಆದ್ದರಿಂದ ನನ್ನ ಮಾತನ್ನು ಸತ್ತವರನ್ನು ಮರೆತವನ ಮಾತೆಂದು ತಿಳಿಯಬಾರದು.

ಆದರೆ ಆ ಪ್ರಶ್ನೆಯಲ್ಲಿ ಒಂದು ತಪ್ಪು ಅಡಗಿದೆ. “ಬಾಂಬ್ ಇಡೋರಿಗೆ” ಎಂದ ಆತ. ಇಟ್ಟವನು ಇವನೇ ಎಂದು ಗೊತ್ತಾದದ್ದು ಹೇಗೆ? ಪೊಲೀಸರು ಹೇಳಿದರು, ಟಿ.ವಿ. ತೋರಿಸಿತು, ನಾವು ನಂಬಿದೆವು. ಮಾನವ ಹಕ್ಕು ಎಂಬುದು ಬಾಂಬ್ ಇಟ್ಟವನಿಗೆ ಕೊಡುವ ಬಹುಮಾನವಲ್ಲ. ಇಟ್ಟವನು ಯಾರೆಂದು ಸರಿಯಾಗಿ ಪತ್ತೆಮಾಡಲಿಕ್ಕೆ ಇರುವ ದಾರಿ ಅದು. ವಕೀಲರಿರಬೇಕು, ಸಾಕ್ಷಿ ಇರಬೇಕು, ಹೊಡೆದು ಬಾಯಿ ಬಿಡಿಸಬಾರದು, ವಿಚಾರಣೆ ಬೇಗ ನಡೆಯಬೇಕು ಎಂಬ ಕಟ್ಟಳೆಗಳೆಲ್ಲ ಹುಟ್ಟಿದ್ದು ತಪ್ಪು ಮನುಷ್ಯನನ್ನು ಹಿಡಿಯಬಾರದೆಂದು. ಈ ಕಟ್ಟಳೆಗಳನ್ನು ತೆಗೆದುಹಾಕಿದಾಗ ಏನಾಗುತ್ತದೆಂದು ನಮ್ಮ ನಾಡೇ ನೋಡಿದೆ.

ಮಲೆ ಮಹದೇಶ್ವರ ಬೆಟ್ಟಕ್ಕೆ ನಮ್ಮವರು ಸಾವಿರ ಸಾವಿರ ಸಂಖ್ಯೆಯಲ್ಲಿ ನಡೆದು ಹೋಗುತ್ತಾರೆ. ಆ ಕಾಡಿನಲ್ಲಿ ವೀರಪ್ಪನ್ ಏನು ಮಾಡಿದ ಎಂಬುದನ್ನು ಯಾರೂ ಮರೆತಿಲ್ಲ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಬಲಿಯಾದರು. ಅವರ ಮನೆಗಳಲ್ಲಿ ಹತ್ತಿದ ಅಳು ಸುಳ್ಳಲ್ಲ.

ಸರ್ಕಾರ ಆಗ ‘ಟಾಡಾ’ ಕಾಯ್ದೆಯನ್ನು ಹಚ್ಚಿತು. ಅದರ ಗುಣವನ್ನು ಸ್ವಲ್ಪ ಕೇಳಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ನಂಬಬಾರದೆಂದು 1872ರ ಸಾಕ್ಷ್ಯ ಕಾಯ್ದೆಯಲ್ಲಿ ಬ್ರಿಟಿಷರೇ ಬರೆದಿದ್ದರು. ನಮ್ಮನ್ನು ಗುಲಾಮರಾಗಿ ಇಟ್ಟವರಿಗೂ ತಮ್ಮ ಪೊಲೀಸರ ಲಾಠಿಯ ಮೇಲೆ ಅಷ್ಟು ಅನುಮಾನವಿತ್ತು. ಸ್ವತಂತ್ರ ಭಾರತದ ಟಾಡಾ ಆ ಕಾವಲನ್ನು ಕಿತ್ತುಹಾಕಿತು. ವರಿಷ್ಠಾಧಿಕಾರಿ ದರ್ಜೆಯವರು ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷಿಯೇ ಆಯಿತು. ಜಾಮೀನು ದೊರೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಕಾಡಂಚಿನ ಹಳ್ಳಿಗಳ ನೂರಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಹೆಂಗಸರೂ ಇದ್ದರು, ಟಾಡಾ ಅಡಿ ಮೈಸೂರು ಜೈಲಿಗೆ ಹಾಕಿದರು. ವರ್ಷಗಳು ಕಳೆದವು. ಅವರು ಯಾರು, ಏನು ಮಾಡಿದ್ದರು, ಅವರ ಮಕ್ಕಳು ಎಲ್ಲಿದ್ದಾರೆ ಎಂದು ನಾವು ಕೇಳಿದೆವೇ? ಬೆಟ್ಟಕ್ಕೆ ಹೋದೆವು, ಮಾದಪ್ಪನಿಗೆ ಕೈ ಮುಗಿದೆವು, ಇಳಿದು ಬಂದೆವು.

2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ ಮಾತ್ರ ‘ಟಾಡಾ ಕೈದಿಗಳು’ ಎಂಬ ಶಬ್ದ ಮನೆಮನೆಗೆ ಮುಟ್ಟಿತು. ಅವರನ್ನು ಬಿಡಬೇಕೆಂದು ವೀರಪ್ಪನ್ ಷರತ್ತು ಹಾಕಿದ. ಸರ್ಕಾರ ಅವರ ಮೇಲಿನ ಟಾಡಾ ಆರೋಪಗಳನ್ನು ಕೈಬಿಡಲು ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ಕೊಲೆಯಾದ ಶಕೀಲ್ ಅಹ್ಮದರ ವೃದ್ಧ ತಂದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ಬಿಡುಗಡೆಯನ್ನು ತಡೆಯಿತು. ಅದು ಸರಿಯಾದ ತೀರ್ಪು. ಅಪಹರಣಕಾರನ ಬೆದರಿಕೆಗೆ ಕಾನೂನು ಮಣಿಯಬಾರದು. ಆದರೆ ನನ್ನ ಪ್ರಶ್ನೆ ಬೇರೆ. ಆ ಜನ ಅಷ್ಟು ಅಪಾಯಕಾರಿಗಳಾಗಿದ್ದರೆ ಸರ್ಕಾರ ಬಿಡಲು ಒಪ್ಪಿದ್ದು ಹೇಗೆ? ಬಿಡಬಹುದಾದವರೇ ಆಗಿದ್ದರೆ ಏಳು ವರ್ಷ ಒಳಗಿಟ್ಟದ್ದು ಯಾಕೆ? ಈ ಎರಡಕ್ಕೂ ಒಟ್ಟಿಗೆ ಉತ್ತರ ಕೊಡಬಲ್ಲವರನ್ನು ನಾನು ಇದುವರೆಗೆ ಕಂಡಿಲ್ಲ.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು. ನೂರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಶಿಕ್ಷೆಯಾದದ್ದು ಬೆರಳೆಣಿಕೆಯ ಜನರಿಗೆ. ಉಳಿದವರಿಗೆ ಹೋದ ಎಂಟು ವರ್ಷವನ್ನು ಯಾವ ನ್ಯಾಯಾಲಯ ತಿರುಗಿ ಕೊಡಬೇಕು?

ಜೈಲಿನ ಹೊರಗೆ ನಡೆದದ್ದು ಇನ್ನೂ ಘೋರ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಅದರ ಇನ್ನೊಬ್ಬ ಸದಸ್ಯರು. ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳ ಮೇಲೆ ಹಳ್ಳಿಗರು ಅದರ ಮುಂದೆ ಬಂದು ಹೇಳಿಕೆ ಕೊಟ್ಟರು. ಬೆಟ್ಟದ ಶಿಬಿರದಲ್ಲಿ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಜಾಗದಲ್ಲಿ ವಿದ್ಯುತ್ ಶಾಕ್ ಕೊಟ್ಟದ್ದನ್ನು ಹೇಳಿದರು. ಹೆಂಗಸರು ತಮ್ಮ ಮೇಲೆ ನಡೆದದ್ದನ್ನು ಬಾಯಿಬಿಟ್ಟು ಹೇಳಿದರು. ಎಲ್ಲರ ದೂರೂ ಪರಿಹಾರದವರೆಗೆ ಮುಟ್ಟಲಿಲ್ಲ. ಕೊನೆಗೆ 2007ರಲ್ಲಿ ಆಯೋಗ 89 ಜನರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ನಾನು ಹೇಳುವುದನ್ನು ನಂಬಬೇಡಿ. ಸರ್ಕಾರದ್ದೇ ಆಯೋಗ ಹೇಳಿದ್ದನ್ನಾದರೂ ನಂಬಿ.

“ಅದು ಹಳೆಯ ಕಥೆ, ಟಾಡಾ ಹೋಯಿತಲ್ಲ” ಎನ್ನುವಿರೇನೋ. ಹೋಯಿತು. ದೇಶದಲ್ಲಿ ಅದರ ಅಡಿ ಹಿಡಿದವರು 76 ಸಾವಿರಕ್ಕೂ ಹೆಚ್ಚು, ಶಿಕ್ಷೆಯಾದವರು ನೂರಕ್ಕೆ ಇಬ್ಬರೂ ಇಲ್ಲ. ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ರಂಗನಾಥ ಮಿಶ್ರ ಅದನ್ನು ಮುಂದುವರಿಸಬೇಡಿರೆಂದು ಸಂಸದರಿಗೆ ಪತ್ರ ಬರೆದರು. 1995ರಲ್ಲಿ ಅದರ ಅವಧಿ ಮುಗಿಯಿತು. 2002ರಲ್ಲಿ ‘ಪೋಟಾ’ ಬಂತು. 2004ರಲ್ಲಿ ಅದನ್ನು ರದ್ದು ಮಾಡಿ, ಅದರ ಹಲವು ಕಲಮುಗಳನ್ನು 1967ರ ಯುಎಪಿಎ ಎಂಬ ಹಳೆಯ ಕಾಯ್ದೆಯೊಳಗೆ ಸೇರಿಸಿದರು. ಮುಂಬೈ ದಾಳಿಯಾದ ಮೇಲೆ 2008ರ ಡಿಸೆಂಬರಿನಲ್ಲಿ ಜಾಮೀನಿನ ಬಾಗಿಲು ಬಿಗಿಮಾಡಿದರು. 2019ರಲ್ಲಿ ಯಾವ ವಿಚಾರಣೆಯೂ ಇಲ್ಲದೆ ಒಬ್ಬ ವ್ಯಕ್ತಿಯನ್ನೇ ‘ಭಯೋತ್ಪಾದಕ’ ಎಂದು ಸರ್ಕಾರ ಘೋಷಿಸಬಹುದೆಂದು ತಿದ್ದಿದರು. ಇದರಲ್ಲಿ ಕೆಲವು ಕೈ ಕಾಂಗ್ರೆಸ್ಸಿನದು, ಕೆಲವು ಬಿಜೆಪಿಯದು. ಆದ್ದರಿಂದ ಇದನ್ನು ಓದುತ್ತಾ ನನ್ನ ಪಕ್ಷ ಯಾವುದೆಂದು ಹುಡುಕುವ ಶ್ರಮ ಬೇಡ.

ಈಗಿನ ಕಾಯ್ದೆಯಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಆ ಬೆಲೆ ಇಲ್ಲ, ಅಷ್ಟರಮಟ್ಟಿಗೆ ಇದು ಟಾಡಾಗಿಂತ ಮೇಲು. ಆದರೆ ಬೇರೆ ಪ್ರಕರಣಗಳಲ್ಲಿ 60 ಅಥವಾ 90 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಜಾಮೀನು ಹಕ್ಕಾಗುತ್ತದೆ. ಇಲ್ಲಿ ಅದು 180 ದಿನದವರೆಗೆ ಹಿಗ್ಗಬಹುದು. ಪೊಲೀಸರ ಕಾಗದ ನೋಡಿ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನು ಕೊಡಕೂಡದೆಂದು ಕಲಮು 43ಡಿ(5) ಹೇಳುತ್ತದೆ. ಆ ಕಾಗದವನ್ನು ಈ ಹಂತದಲ್ಲಿ ಆಳವಾಗಿ ಒರೆಗೆ ಹಚ್ಚಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿತು. ವಿಚಾರಣೆ ತೀರಾ ತಡವಾದರೆ ಜಾಮೀನು ಕೊಡಬಹುದೆಂದು 2021ರಲ್ಲಿ ಅದೇ ನ್ಯಾಯಾಲಯ ಸ್ವಲ್ಪ ಬಾಗಿಲು ತೆರೆಯಿತು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಬಡವನ ಹೊಲ ಮಾರಿರುತ್ತದೆ.

ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2018ರಿಂದ 2020ರವರೆಗೆ ಮೂರು ವರ್ಷದಲ್ಲಿ ಯುಎಪಿಎ ಅಡಿ ಬಂಧಿತರಾದವರು 4,690. ಅದೇ ಅವಧಿಯಲ್ಲಿ ಶಿಕ್ಷೆಯಾದವರು 149. ಹಿಡಿದ ವರ್ಷವೇ ತೀರ್ಪು ಬರುವುದಿಲ್ಲ, ಆದ್ದರಿಂದ ಈ 149 ಜನ ಆ 4,690ರೊಳಗಿನವರೇ ಎಂದಲ್ಲ. ಹಾಗಿದ್ದರೂ ಒಳಗೆ ಹೋಗುವ ಬಾಗಿಲು ಎಷ್ಟು ಅಗಲ, ತೀರ್ಪಿನ ಬಾಗಿಲು ಎಷ್ಟು ಕಿರಿದು ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಭಾಗದ ಎರಡು ಉದಾಹರಣೆ ಕೊಡುತ್ತೇನೆ. 2008ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಸೇರಿ ಹಲವು ಮುಸ್ಲಿಂ ಯುವಕರನ್ನು ಭಯೋತ್ಪಾದನೆಯ ಒಳಸಂಚಿನ ಆರೋಪದ ಮೇಲೆ ಹಿಡಿದರು. ಆಗಿನ ಪತ್ರಿಕೆಗಳ ಮುಖಪುಟ ನಿಮಗೆ ನೆನಪಿರಬೇಕು. 2015ರಲ್ಲಿ ನ್ಯಾಯಾಲಯ ಆ ಪ್ರಕರಣದ 17 ಆರೋಪಿಗಳನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಅದು ಯಾವ ಮುಖಪುಟದಲ್ಲಿ ಬಂತೆಂದು ನಿಮಗೆ ನೆನಪಿದೆಯೇ? ಇನ್ನೊಂದು, ಬೆಳ್ತಂಗಡಿಯ ಕಾಡಂಚಿನ ಕುತ್ಲೂರಿನ ಮಲೆಕುಡಿಯ ಯುವಕನದು. ಪತ್ರಿಕೋದ್ಯಮ ಓದುತ್ತಿದ್ದವನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯೊಂದಿಗೆ ಹಿಡಿದರು. ಆತ ಕೈಕೋಳದಲ್ಲೇ ಪರೀಕ್ಷೆಗೆ ಹೋಗಬೇಕಾಯಿತು. ಮನೆಯಲ್ಲಿ ಸಿಕ್ಕ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವಿತ್ತು, ಊರಿಗೆ ಸೌಕರ್ಯ ಬರುವ ತನಕ ಮತ ಹಾಕುವುದಿಲ್ಲವೆಂಬ ಪತ್ರವಿತ್ತು. 2021ರ ಅಕ್ಟೋಬರಿನಲ್ಲಿ ತಂದೆ ಮಗ ಇಬ್ಬರೂ ನಿರ್ದೋಷಿಗಳೆಂದು ತೀರ್ಪಾಯಿತು. ಒಂಬತ್ತು ವರ್ಷ!

ಎಲ್ಲರಿಗೂ ತೀರ್ಪು ಕೇಳುವ ಭಾಗ್ಯವೂ ಇಲ್ಲ. ಆದಿವಾಸಿಗಳ ನಡುವೆ ಬದುಕಿದ ಪಾದ್ರಿ ಸ್ಟ್ಯಾನ್ ಸ್ವಾಮಿ ಹಿಂದೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. 2020ರ ಅಕ್ಟೋಬರಿನಲ್ಲಿ ಅವರನ್ನು ಇದೇ ಕಾಯ್ದೆಯಡಿ ಬಂಧಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ ಬೇಕೆಂದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು 84ನೇ ವಯಸ್ಸಿನಲ್ಲಿ ಕೈದಿಯಾಗಿಯೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರು ತಪ್ಪು ಮಾಡಿದ್ದರೋ ಇಲ್ಲವೋ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಿತ್ತು. ಆ ವಿಚಾರಣೆಯೇ ನಡೆಯಲಿಲ್ಲ. ದಾಸೋಹವೆಂದು ದಿನವೂ ಹೇಳುವ ನಮಗೆ ಆ ಸ್ಟ್ರಾ ಅರ್ಜಿಯ ಸುದ್ದಿ ಓದಿದ ದಿನ ಅನ್ನ ಇಳಿಯಬಾರದಿತ್ತು.

“ಇಂಥ ಕಾಯ್ದೆ ಇಲ್ಲದಿದ್ದರೆ ಹಂತಕರು ತಪ್ಪಿಸಿಕೊಳ್ಳುತ್ತಾರೆ” ಎಂಬ ವಾದವಿದೆ. ಕಲಬುರ್ಗಿಯವರ ಪ್ರಕರಣವನ್ನೇ ತೆಗೆದುಕೊಳ್ಳಿ. ಅವರನ್ನೂ ಗೌರಿಯವರನ್ನೂ ಕೊಂದದ್ದು ಒಂದೇ ನಾಡ ಪಿಸ್ತೂಲೆಂದು ತೋರಿಸಿದ್ದು ಗುಂಡು ಮತ್ತು ತೋಟೆಗಳ ವೈಜ್ಞಾನಿಕ ಪರೀಕ್ಷೆ. ಯಾರ ಪಾದಕ್ಕೂ ಹೊಡೆದು ಅದನ್ನು ತಿಳಿಯಲಿಲ್ಲ. ಗೌರಿ ಪ್ರಕರಣದಲ್ಲಿ ‘ಕೋಕಾ’ ಎಂಬ ಕಠಿಣ ಕಾಯ್ದೆಯನ್ನೂ ಹಚ್ಚಿದ್ದಾರೆ. ಹಾಗೆಂದು ನ್ಯಾಯ ಬೇಗ ಬಂತೇ? ಕಲಬುರ್ಗಿಯವರು ಹೋಗಿ ಹತ್ತು ವರ್ಷ ಕಳೆದರೂ ನಾವು ತೀರ್ಪಿಗೆ ಕಾಯುತ್ತಲೇ ಇದ್ದೆವು. ನಮಗೆ ಬೇಕಾದದ್ದು ಒಳ್ಳೆಯ ಪ್ರಯೋಗಾಲಯ, ನುರಿತ ತನಿಖಾಧಿಕಾರಿ, ಖಾಲಿ ಇಲ್ಲದ ನ್ಯಾಯಾಧೀಶರ ಕುರ್ಚಿ, ಸಾಕ್ಷಿಗಳಿಗೆ ರಕ್ಷಣೆ. ಇವಕ್ಕೆಲ್ಲ ದುಡ್ಡು ಬೇಕು, ದುಡಿಮೆ ಬೇಕು. ಕಾಯ್ದೆ ಬಿಗಿ ಮಾಡಲಿಕ್ಕೆ ಒಂದು ದಿನದ ಅಧಿವೇಶನ ಸಾಕು. ಇನ್ನೊಂದು ಮಾತು: ನಿರಪರಾಧಿಯನ್ನು ಒಳಗೆ ಹಾಕಿದ ದಿನವೇ ಅಪರಾಧಿಯನ್ನು ಹುಡುಕುವುದು ನಿಲ್ಲುತ್ತದೆ.

ನನ್ನ ಮಾತಿಗೆ ನಾನೇ ಬದ್ಧನೋ ಎಂದು ಪರೀಕ್ಷಿಸುವ ಗಳಿಗೆಯೂ ಬಂತು. 2024ರ ಅಕ್ಟೋಬರಿನಲ್ಲಿ ಗೌರಿ ಹತ್ಯೆಯ ಇಬ್ಬರು ಆರೋಪಿಗಳು ಆರು ವರ್ಷ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದಾಗ ವಿಜಯಪುರದಲ್ಲಿ ಅವರಿಗೆ ಹಾರ ಹಾಕಿ ಸನ್ಮಾನಿಸಿದರು. ಆ ಚಿತ್ರ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಬಾಯಿಗೆ ಬಂದ ಮಾತು “ಇವರಿಗೆ ಜಾಮೀನು ಕೊಟ್ಟವರಾರು?” ಎಂಬುದೇ. ಬೆಳಗಾಗುವುದರೊಳಗೆ ಆ ಮಾತನ್ನು ಹಿಂದೆ ತೆಗೆದುಕೊಂಡೆ. ವಿಚಾರಣೆ ಮುಗಿಸದೆ ಆರು ವರ್ಷ ಇಟ್ಟ ಮೇಲೆ ಜಾಮೀನು ಸರಿ. ಹಾರ ಹಾಕಿದ್ದು ಮಾತ್ರ ಅಕ್ಷಮ್ಯ. ನನ್ನ ಗುರುಸಮಾನರನ್ನು ಕೊಂದ ಜಾಲದವರೆಂಬ ಆರೋಪ ಹೊತ್ತವರಿಗೂ ಯಾವ ಹಕ್ಕನ್ನು ಬೇಡುತ್ತೇನೋ ಅದೇ ಹಕ್ಕನ್ನು ಹುಬ್ಬಳ್ಳಿಯ ಹುಡುಗನಿಗೂ ಕುತ್ಲೂರಿನ ಹುಡುಗನಿಗೂ ಬೇಡುತ್ತೇನೆ.

ಈಗ ನನ್ನ ತಪ್ಪಿನ ಮಾತು. ಬಹಳ ವರ್ಷದ ಹಿಂದಿನದು. ಊರು, ಪ್ರಕರಣ ಹೇಳುವುದಿಲ್ಲ, ಆ ಮನೆಯವರು ನೆಮ್ಮದಿಯಿಂದಿರಲಿ. ನಮ್ಮಲ್ಲಿ ಒಬ್ಬ ಯುವಕನನ್ನು ಇಂಥದ್ದೇ ಆರೋಪದ ಮೇಲೆ ಹಿಡಿದಾಗ ನಮ್ಮ ವಕೀಲರ ಸಂಘ ಸಭೆ ಸೇರಿ, ಯಾರೂ ಅವನ ಪರ ವಕಾಲತ್ತು ಹಾಕಬಾರದೆಂದು ನಿರ್ಣಯ ಮಾಡಿತು. ನಾನೂ ಕೈ ಎತ್ತಿದೆ. ದೋಷಾರೋಪ ಪಟ್ಟಿ ಬಂದ ಮೇಲೆ ಅವನ ತಾಯಿ ಕಾಗದದ ಗಂಟು ಹೊತ್ತು ನಮ್ಮ ಮನೆಗೆ ಬಂದಳು. ಮಠದ ಜಾತ್ರೆಯಲ್ಲಿ ವರ್ಷವೂ ಬಳೆ ಅಂಗಡಿ ಹಾಕುತ್ತಿದ್ದವಳು, ನನ್ನ ಹೆಣ್ಣುಮಕ್ಕಳಿಗೆ ಸಣ್ಣವರಿದ್ದಾಗಿನಿಂದ ಬಳೆ ಇಟ್ಟವಳು. “ವಕೀಲ್ರ, ನೀವು ಕೋರ್ಟಿಗೆ ಬರೋದು ಬ್ಯಾಡ. ಒಂದ ಸಲ ಕಾಗದ ಓದಿ ಏನೈತಿ ಅಂತ ಹೇಳ್ರಿ” ಎಂದಳು. “ಸಂಘದ ನಿರ್ಣಯ ಆಗೇತಿ ತಾಯಿ, ನನ್ನ ಕೈಯಾಗ ಇಲ್ಲ” ಎಂದೆ. ಕಾಗದ ಓದುವುದು ನನ್ನ ಕೈಯಲ್ಲೇ ಇತ್ತು. ಆಕೆ ಗಂಟು ಕಟ್ಟಿಕೊಂಡು ಹೋದಳು.

ದೂರದ ಊರಿನಿಂದ ಒಬ್ಬ ವಕೀಲರು ಬಂದು ಪ್ರಕರಣ ನಡೆಸಿದರು. ವರ್ಷಗಳ ಮೇಲೆ ಆ ಹುಡುಗ ನಿರ್ದೋಷಿಯಾಗಿ ಹೊರಬಂದ. ತೀರ್ಪಿನ ಪ್ರತಿ ತರಿಸಿ ಓದಿದೆ. ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪಂಚರು ಎರಡು ಊರುಗಳ ಪಂಚನಾಮೆಗೆ ಸಹಿ ಹಾಕಿದ್ದರು. ಆ ಎರಡು ಕಾಗದ ತಾಯಿ ತಂದ ಗಂಟಿನಲ್ಲೇ ಇದ್ದವು. ಅಂದು ಅರ್ಧ ಗಂಟೆ ಕುಳಿತಿದ್ದರೆ ನನ್ನ ಕಣ್ಣಿಗೆ ಬೀಳುತ್ತಿದ್ದವು. ಅಂಥ ನಿರ್ಣಯಗಳು ಕಾನೂನಿಗೆ ವಿರುದ್ಧವೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಸಂವಿಧಾನದ 22ನೇ ವಿಧಿಯನ್ನು ಓದಿದ ನನಗೆ ಕೈ ಎತ್ತುವ ದಿನವೂ ಅದು ಗೊತ್ತಿತ್ತು.

ಶರಣರ ಚರಿತ್ರೆ ಬಲ್ಲ ನಮಗೆ ಇದು ಹೊಸ ಪಾಠವಾಗಬಾರದು. ಹರಳಯ್ಯ, ಮಧುವರಸರು ಮಾಡಿದ ಅಪರಾಧ ತಮ್ಮ ಮಕ್ಕಳಿಗೆ ಜಾತಿ ಮೀರಿ ಮದುವೆ ಮಾಡಿದ್ದು. ಕಲ್ಯಾಣದ ಅರಸೊತ್ತಿಗೆ ಅದನ್ನು ರಾಜ್ಯದ ಬುಡಕ್ಕೆ ಬಂದ ಅಪಾಯವೆಂದು ಕಂಡಿತು. ಎಳೆಹೂಟೆಯ ಶಿಕ್ಷೆಯಾಯಿತು. ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದವರು ಅಂದಿನ ಸೈನ್ಯದ ಕಣ್ಣಿಗೆ ರಾಜದ್ರೋಹಿಗಳೇ. ಅವರ ಪರವಾಗಿ ಕಾಗದ ಓದುವವರು ಯಾರೂ ಇರಲಿಲ್ಲ. ಆ ಪರಂಪರೆಯವನಾಗಿ ನಾನು ಬಳೆಗಾರ್ತಿಯ ಗಂಟನ್ನು ಬಿಚ್ಚಲಿಲ್ಲ.

ಆದ್ದರಿಂದ ನನ್ನ ಬೇಡಿಕೆಗಳನ್ನು ಮಠಗಳ ಮುಂದೆಯೇ ಇಡುತ್ತೇನೆ. ಒಂದು: ಬಂಧನದ ಸುದ್ದಿ ಬಂದ ದಿನ ನಮ್ಮ ವೇದಿಕೆಗಳಿಂದ ಯಾರನ್ನೂ ಭಯೋತ್ಪಾದಕನೆಂದು ಕರೆಯಬೇಡಿ, ತೀರ್ಪು ಬರಲಿ. ಎರಡು: ನಮ್ಮ ಮಠಗಳು ಕಾನೂನು ಕಾಲೇಜು ನಡೆಸುತ್ತವೆ, ನಮ್ಮಲ್ಲಿ ವಕೀಲರಿಗೆ ಬರವಿಲ್ಲ. ಜಾತಿ ಧರ್ಮ ಕೇಳದೆ ಇಂಥ ಪ್ರಕರಣದ ಕಾಗದ ಓದಿ ಸಲಹೆ ಕೊಡುವ ಒಂದು ಗುಂಪು ಪ್ರತಿ ಜಿಲ್ಲೆಯಲ್ಲಿ ಇರಲಿ. ಅದು ಕಾಯಕವೇ. ಮೂರು: ಜೈಲು ಸೇರಿದವರ, ಬಿಡುಗಡೆಯಾದವರ ಮಕ್ಕಳಿಗೆ ನಮ್ಮ ಪ್ರಸಾದ ನಿಲಯಗಳಲ್ಲಿ ಜಾಗ ಕೊಡಿ. ತಂದೆಯ ಮೇಲಿನ ಆರೋಪ ಮಗುವಿನ ತಟ್ಟೆಗೆ ಬರಬಾರದು. ನಾಲ್ಕು: ತಪ್ಪಾಗಿ ಜೈಲಿಗಿಟ್ಟವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕೇಂದ್ರದ ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿದೆ. ಅದನ್ನು ಜಾರಿ ಮಾಡಿ, ಜಾಮೀನಿನ ಆ ಕಲಮನ್ನು ತಿದ್ದಿ ಎಂದು ಮಠಕ್ಕೆ ಬಂದು ಪಾದಕ್ಕೆರಗುವ ಸಂಸದರನ್ನು ಪೂಜ್ಯರು ಕೇಳಲಿ. ಶಾಲು ಹೊದಿಸುವ ಮೊದಲು ಕೇಳಲಿ.

ಮುಂದಿನ ಜಾತ್ರೆಗೆ ಆ ತಾಯಿ ಬಳೆ ಅಂಗಡಿ ಹಾಕುತ್ತಾಳೋ ಇಲ್ಲವೋ ಗೊತ್ತಿಲ್ಲ. ಹಾಕಿದರೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಅಂದು ನಾನು ಸುಳ್ಳು ಹೇಳಿದೆನೆಂದು ಅವಳ ಮುಂದೆ ಹೇಳಬೇಕೆಂದಿದ್ದೇನೆ. ಕ್ಷಮಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು. ಪ್ರಸಾದದ ಸಾಲಿನಲ್ಲಿ ನನ್ನನ್ನು ಕೇಳಿದ ಯುವಕನೇ, ನೀನೂ ಬಾ.